ಯಂತ್ರಕ್ಕೆ ಮಕ್ಕಳೇ ಮೇಷ್ಟ್ರಾದ ಕಥೆ

ಮಕ್ಕಳು ಕೋಡಿಂಗ್ ಕಲಿಯುವ ಸ್ಕ್ರ್ಯಾಚ್‌ನಲ್ಲಿ ಆ ಕಿತ್ತಳೆ ಬಣ್ಣದ ಬೆಕ್ಕನ್ನು ಓಡಾಡಿಸಿ ಒಂದು ತ್ರಿಭುಜ ಬಿಡಿಸು ಅಂತ ಮಗುವಿಗೆ ಹೇಳಿ ನೋಡಿ. ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಅಂತ ಶಾಲೆಯಲ್ಲಿ ಕಲಿತಿರುತ್ತದೆ. ಹಾಗಾಗಿ 100 ಹೆಜ್ಜೆ ನಡಿ, 60 ಡಿಗ್ರಿ ತಿರುಗು ಎಂದು ಮೂರು ಸಲ ಹೇಳುತ್ತದೆ. ಬೆಕ್ಕು ಎಲ್ಲೋ ಹೋಗಿ ನಿಲ್ಲುತ್ತದೆ. ಆರು ಸಲ ಹೇಳಿದರೆ ಷಡ್ಭುಜ ಮೂಡುತ್ತದೆ! ಎದ್ದು ನಿಂತು, ತಾನೇ ನೆಲದ ಮೇಲೆ ತ್ರಿಭುಜದ ದಾರಿಯಲ್ಲಿ ನಡೆದಾಗ ಮಗುವಿಗೆ ಗೊತ್ತಾಗುತ್ತದೆ: ಮೂಲೆಯಲ್ಲಿ ತಿರುಗಬೇಕಾದದ್ದು 120 ಡಿಗ್ರಿ.

ಈ ಆಟಕ್ಕೆ ಅರ್ಧ ಶತಮಾನ ದಾಟಿದೆ. ಆಗ ಬೆಕ್ಕಿನ ಜಾಗದಲ್ಲಿ ಆಮೆ ಇತ್ತು.

1967ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ವಾಲಿ ಫ್ಯೂರ್ಜೈಗ್, ಸೆಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಕಂಪ್ಯೂಟರ್ ಎಂದರೆ ವಿಜ್ಞಾನಿಗಳಿಗೂ ಸರದಿಯಲ್ಲಿ ಸಿಗುತ್ತಿದ್ದ ಕಾಲ ಅದು. ಅದನ್ನು ಮಕ್ಕಳ ಕೈಗೆ ಕೊಡುವುದಾ ಅಂತ ನಕ್ಕವರೇ ಜಾಸ್ತಿ. ಶಾಲೆಗೆ ಕಂಪ್ಯೂಟರ್ ತರಬೇಕು ಎಂದವರ ಕಲ್ಪನೆಯೂ ಬೇರೆಯೇ ಇತ್ತು. ಯಂತ್ರ ಪ್ರಶ್ನೆ ಕೇಳುವುದು, ಮಗು ಉತ್ತರ ಒತ್ತುವುದು, ಅಷ್ಟೇ. ಪ್ಯಾಪರ್ಟ್ ಇದನ್ನು ತಲೆಕೆಳಗು ಮಾಡಿದರು. ಮಗು ಯಂತ್ರಕ್ಕೆ ಹೇಳಿಕೊಡಲಿ ಎಂದರು.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಣಿತಜ್ಞ ಪ್ಯಾಪರ್ಟ್. ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಜೊತೆ ಕೆಲಸ ಮಾಡಿ ಬಂದಿದ್ದರು. ಮಕ್ಕಳು ತಿಳಿವಳಿಕೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂಬುದು ಪಿಯಾಜೆ ಮಾತು. ಸರಿ, ಕಟ್ಟೋಕೆ ಸಾಮಾನು ಬೇಡವೇ ಎಂಬುದು ಪ್ಯಾಪರ್ಟ್ ಪ್ರಶ್ನೆ. ಮೊದಲಿಗೆ ಲೋಗೋದಲ್ಲಿ ಬರೀ ಪದಗಳ ಆಟ ಇತ್ತು. ಆಮೆ ಬಂದದ್ದು ಆಮೇಲೆ. ಕಂಪ್ಯೂಟರಿಗೆ ತಂತಿಯಿಂದ ಕಟ್ಟಿದ, ಚಕ್ರದ ಮೇಲೆ ಓಡುವ ರೋಬೋ. ನಡುವೆ ಒಂದು ಪೆನ್ನು. ನೆಲಕ್ಕೆ ಕಾಗದ ಹಾಸಿ ಪೆನ್ನು ಇಳಿಸಿದರೆ ಹೋದ ದಾರಿಯೆಲ್ಲ ಗೆರೆ. ಅಕ್ಷರ ಬಾರದ ಪುಟಾಣಿಗಳಿಗಾಗಿ 1970ರ ದಶಕದಲ್ಲಿ ರಾಡಿಯಾ ಪರ್ಲ್‌ಮನ್ ಗುಂಡಿಗಳ ಪೆಟ್ಟಿಗೆಯನ್ನೂ ಕಾರ್ಡು ಸಿಕ್ಕಿಸುವ ಯಂತ್ರವನ್ನೂ ಮಾಡಿದರು. ಇವತ್ತಿನ ಕಂಪ್ಯೂಟರ್ ನೆಟ್‌ವರ್ಕ್‌ಗಳ ಹಿಂದೆ ದೊಡ್ಡ ಕೆಲಸ ಮಾಡಿದ ಅದೇ ಪರ್ಲ್‌ಮನ್.

ಪ್ಯಾಪರ್ಟ್‌ಗೆ ಆಮೆಗಿಂತ ಅದು ತಪ್ಪು ದಾರಿ ಹಿಡಿಯುವ ಗಳಿಗೆ ಮುಖ್ಯವಾಗಿತ್ತು. ಶಾಲೆಯಲ್ಲಿ ತಪ್ಪು ಎಂದರೆ ಕೆಂಪು ಶಾಯಿಯ ಗೆರೆ, ಅಲ್ವಾ? ಇಲ್ಲಿ ತಪ್ಪು ಕಣ್ಣೆದುರು ನೆಲದ ಮೇಲೇ ಬಿದ್ದಿರುತ್ತದೆ. ಹುಡುಕಿ ಸರಿ ಮಾಡಬಹುದು. ಯಾರೂ ಬೈಯುವುದಿಲ್ಲ. 1980ರ ತಮ್ಮ ಪುಸ್ತಕ 'ಮೈಂಡ್‌ಸ್ಟಾರ್ಮ್ಸ್'ನಲ್ಲಿ ಅವರು ಇದನ್ನೇ ವಿಸ್ತರಿಸಿದರು. ಈಗ ಎಲ್ಲರ ಬಾಯಲ್ಲಿರುವ ಕಂಪ್ಯುಟೇಶನಲ್ ಥಿಂಕಿಂಗ್ (ಕಂಪ್ಯೂಟರಿಗೆ ಹೇಳಿಕೊಡುವಂತೆ ಸಮಸ್ಯೆಯನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಯೋಚನೆ) ಎಂಬ ಮಾತೂ ಅದರಲ್ಲೇ ಇದೆ.

ಅಷ್ಟರಲ್ಲಿ ಕಂಪ್ಯೂಟರ್ ಅಗ್ಗವಾಯಿತು, ಶಾಲೆಗಳಿಗೆ ಬಂತು. ಭಾರತಕ್ಕೂ 1984ರಲ್ಲಿ 'ಕ್ಲಾಸ್' ಎಂಬ ಶಾಲಾ ಕಂಪ್ಯೂಟರ್ ಯೋಜನೆಯ ಹೆಸರಲ್ಲಿ ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರ್ ಬಂತು. ಅದೇ ವರ್ಷ ಲೋಗೋಗೆ ಪೆಟ್ಟು ಬಿತ್ತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್, ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಕಲಿಯದ ಮಕ್ಕಳಿಗಿಂತ ಮುಂದಿಲ್ಲ ಎಂದು ತೋರಿಸಿದರು. ಲೋಗೋ ಏನು ಮಾಡುತ್ತದೆ ಎಂದು ಕೇಳಬೇಡಿ, ಅದರಿಂದ ಜನ ಏನು ಮಾಡುತ್ತಾರೆ ನೋಡಿ ಎಂಬುದು ಪ್ಯಾಪರ್ಟ್ ಉತ್ತರ. ನನಗೆ ಇಬ್ಬರದೂ ಸರಿ ಅನ್ನಿಸುತ್ತದೆ. ಕೋಡಿಂಗ್ ಕಲಿತರೆ ಬುದ್ಧಿ ತಾನಾಗಿ ಚುರುಕಾಗುತ್ತದೆ ಎಂಬ ಭರವಸೆಗೆ ಆಗಲೂ ಆಧಾರ ಗಟ್ಟಿಯಿರಲಿಲ್ಲ. 2020ರ ಲಾಕ್‌ಡೌನ್ ಹೊತ್ತಿಗೆ, ಆರು ವರ್ಷದ ಮಗು ಆ್ಯಪ್ ಮಾಡಿ ಕೋಟಿ ಗಳಿಸುತ್ತದೆ ಎಂಬ ಧಾಟಿಯ ಜಾಹೀರಾತು ನೋಡಿ ದುಡ್ಡು ಕಟ್ಟಿದ ಅಪ್ಪ-ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಕೈಯಲ್ಲಿ ಮಾಡಿ ಕಲಿಯುವ ದಾರಿ ಮಾತ್ರ ಮುಚ್ಚಲಿಲ್ಲ. ಪ್ಯಾಪರ್ಟ್ ಪುಸ್ತಕದ ಹೆಸರನ್ನೇ ಇಟ್ಟುಕೊಂಡು 1998ರಲ್ಲಿ ಲೆಗೋ ಕಂಪನಿಯ ರೋಬೋ ಕಿಟ್ ಬಂತು. 2007ರಲ್ಲಿ ಎಂಐಟಿಯ ಮಿಚ್ ರೆಸ್ನಿಕ್ ತಂಡ ಸ್ಕ್ರ್ಯಾಚ್ ಹೊರತಂದಿತು. ಪರದೆಯ ಮೇಲೆ ಕೊಂಡಿಯಿಂದ ಕೊಂಡಿಗೆ ಸಿಕ್ಕಿಸುವ, ಸೂಚನೆ ಬರೆದ ಬಣ್ಣದ ತುಂಡುಗಳು. ಅಲ್ಪವಿರಾಮ ಬಿಟ್ಟುಹೋಗಿ ಇಡೀ ಪ್ರೋಗ್ರಾಮ್ ನಿಂತುಬಿಡುವ ಕಾಟವಿಲ್ಲ.

ಇದರ ನಡುವೆ 2006ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ ಒಂದು ಪುಟ್ಟ ಲೇಖನ ಬರೆದರು. ಓದು, ಬರಹ, ಲೆಕ್ಕದಂತೆ ಕಂಪ್ಯುಟೇಶನಲ್ ಥಿಂಕಿಂಗ್ ಕೂಡ ಎಲ್ಲರಿಗೂ ಬೇಕು ಎಂದರು. ಸರ್ಕಾರಗಳಿಗೆ ಇದು ಹಿಡಿಸಿತು. 2014ರಲ್ಲಿ ಇಂಗ್ಲೆಂಡ್ ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಪಾಠ ಕಡ್ಡಾಯ ಮಾಡಿತು. ಸಮಸ್ಯೆಯನ್ನು ತುಂಡು ಮಾಡು, ಮಾದರಿ ಗುರುತಿಸು ಎಂದು ಪಟ್ಟಿ ಮಾಡಿದರೆ ಪಾಠ ಮಾಡೋದು ಸುಲಭ, ಪರೀಕ್ಷೆ ಇಡೋದೂ ಸುಲಭ. ಮಗು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುವ ಖುಷಿಗೆ ಆ ಪಟ್ಟಿಯಲ್ಲಿ ಜಾಗ ಕಮ್ಮಿ.

ನಮ್ಮಲ್ಲಿ ನೀತಿ ಆಯೋಗ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಏನಾದರೂ ಮಾಡಿ ನೋಡುವ ಪ್ರಯೋಗಾಲಯ, ಕೊಡುತ್ತಿದೆ. ಆರರಿಂದ ಹನ್ನೆರಡನೇ ತರಗತಿಯವರಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿ. ಸೆನ್ಸರ್, ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಥ್ರೀಡಿ ಪ್ರಿಂಟರ್. ಈಗಾಗಲೇ 10,000 ಶಾಲೆಗಳಲ್ಲಿ ಇವೆ. 2025ರ ಬಜೆಟ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಎಂದು ಘೋಷಣೆಯಾಯಿತು.

ಸಾಮಾನು ಬಂತು, ಸಮಯ? ಲ್ಯಾಬ್ ನೋಡಿಕೊಳ್ಳುವುದು ಸಾಮಾನ್ಯವಾಗಿ ವಿಜ್ಞಾನದ್ದೋ ಗಣಿತದ್ದೋ ಮೇಷ್ಟ್ರು. ಸಿಲೆಬಸ್ ಮುಗಿಸುವ ಹೊಣೆಯೂ ಅವರದೇ. ಒಂದು ಪೀರಿಯಡ್ ಎಂದರೆ ಮುಕ್ಕಾಲು ಗಂಟೆಯೂ ಇರುವುದಿಲ್ಲ. ಕಿಟ್ ಹೊರತೆಗೆದು, ವೈರ್ ಜೋಡಿಸಿ, ಎಲ್‌ಇಡಿ ಹತ್ತದೆ, ಪ್ಲಸ್ಸು ಮೈನಸ್ಸು ಅದಲು ಬದಲಾಗಿದೆಯೋ ಅಂತ ನೋಡುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಪಾಪ, ಪಾಠ ಶುರುವಾಗುವ ಹೊತ್ತಿಗೆ ಎಲ್ಲ ವಾಪಸ್ ಡಬ್ಬಿಗೆ. ಹೊಸ ಪ್ರಿಂಟರ್ ಕೇಳುವ ಮೊದಲು, ವಾರಕ್ಕೊಂದು ಮಧ್ಯಾಹ್ನ ಎರಡು ಪೀರಿಯಡ್ ಸೇರಿಸಿ ಕೊಡಿ ಎಂದು ಹೆಡ್‌ಮಾಸ್ಟರನ್ನು ಕೇಳುವುದು ಒಳ್ಳೆಯದು. ಅದಕ್ಕೆ ದುಡ್ಡೂ ಬೇಕಿಲ್ಲ.