ಅರ್ಧ ದಿನದ ನರ್ಸ್ ಕೆಲಸ: ಮೊದಲು ಕಪಾಟಿನ ಕೀಲಿ ಕೇಳಿ

ಹೋದ ತಿಂಗಳು ಕುಮಟಾದಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಬಿಎಸ್ಸಿ ನರ್ಸಿಂಗ್ ಮುಗಿದಿದೆ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ನೂ ಆಗಿದೆ. ಆದರೆ ಅಮ್ಮನಿಗೆ ಹುಷಾರಿಲ್ಲ, ಮನೆ ಬಿಟ್ಟು ಇಡೀ ದಿನ ಇರಲು ಆಗುವುದಿಲ್ಲ. "ಅಕ್ಕಾ, ದಿನಕ್ಕೆ ನಾಲ್ಕೈದು ತಾಸಿನ ಕೆಲಸ ಎಲ್ಲಾದರೂ ಸಿಗುತ್ತಾ?"

ಸಿಗುತ್ತದೆ. ಜಾಹೀರಾತು ನೋಡುತ್ತಾ ಕೂತರೆ ಮಾತ್ರ ಸಿಗುವುದಿಲ್ಲ. ನಮ್ಮ ಕಡೆ ಯಾವ ಆಸ್ಪತ್ರೆಯೂ 'ಪಾರ್ಟ್ ಟೈಮ್ ಸಿಸ್ಟರ್ ಬೇಕು' ಅಂತ ಬೋರ್ಡ್ ಹಾಕಿದ್ದನ್ನು ನಾನಂತೂ ನೋಡಿಲ್ಲ. ಆಫೀಸಿನಲ್ಲಿ ಬಯೋಡಾಟಾ ಕೊಟ್ಟು ಬಂದರೆ ಅದು ಫೈಲಿನಲ್ಲೇ ಕೂತಿರುತ್ತದೆ. ನೇರ ಹೋಗಿ ನರ್ಸಿಂಗ್ ಇನ್‌ಚಾರ್ಜ್ ಅವರನ್ನು ಕಾಣಿ. ಡ್ಯೂಟಿ ಲಿಸ್ಟ್ ಬರೆಯುವವರು ಅವರು, ಯಾವ ಹೊತ್ತಿಗೆ ಜನ ಸಾಲುತ್ತಿಲ್ಲ ಅನ್ನುವುದು ಅವರಿಗೇ ಗೊತ್ತು. ತಿಂಗಳ ಕೊನೆಯ ವಾರ ಹೋಗಿ, ಮುಂದಿನ ತಿಂಗಳ ಲಿಸ್ಟ್ ಹಾಕಲು ಅವರು ತಲೆ ಕೆರೆದುಕೊಳ್ಳುತ್ತಿರುತ್ತಾರೆ. 'ಯಾವಾಗ ಕರೆದರೂ ಬರ್ತೇನೆ' ಅನ್ನಬೇಡಿ. 'ಸೋಮ, ಬುಧ, ಶುಕ್ರ ಬೆಳಿಗ್ಗೆ 7ರಿಂದ 12' ಅನ್ನಿ, ಅದನ್ನು ಲಿಸ್ಟಿನಲ್ಲಿ ಬರೆಯಬಹುದು. ಇನ್ನೊಂದು, ಚೌತಿ. ಅರ್ಧ ಸ್ಟಾಫ್ ರಜೆ ಕೇಳುವ ವಾರ ಅದು. ಆಗ ಎರಡು ನೈಟ್ ಮಾಡಿಕೊಟ್ಟವಳ ಹೆಸರನ್ನು ಯಾವ ಇನ್‌ಚಾರ್ಜೂ ಮರೆಯುವುದಿಲ್ಲ. ನಾನೂ ಮರೆತಿಲ್ಲ.

ಡಯಾಲಿಸಿಸ್ ಘಟಕದಲ್ಲೂ ಕೇಳಿ ನೋಡಿ. ಒಂದು ಸಲ ಡಯಾಲಿಸಿಸ್ ಅಂದರೆ ಸುಮಾರು 4 ತಾಸು, ಬರುವ ರೋಗಿಗಳಿಗೆ ವಾರದ ದಿನವೂ ನಿಗದಿ. ಮನೆ ನೋಡಿಕೊಳ್ಳಬೇಕಾದವರಿಗೆ ಈ ಲೆಕ್ಕ ಹೊಂದುತ್ತದೆ. ಕಲಿಸುವವರು ಇರಬೇಕು ಅಷ್ಟೇ.

ಅದು ಅಷ್ಟೇ ಅಲ್ಲ, ಅದೇ ಮುಖ್ಯ. ನಾನು ಕೋರ್ಸ್ ಮುಗಿಸಿದ ಹೊಸದರಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸಂಜೆ ನಾಲ್ಕು ತಾಸಿನ ಕೆಲಸ ಹಿಡಿದಿದ್ದೆ. ವಾರ್ಡಿನಲ್ಲಿ ನಾನೊಬ್ಬಳೇ. ಒಂದು ಸಂಜೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟು ಎರಡು ನಿಮಿಷ ಆಗಿರಲಿಲ್ಲ, ಆ ಹೆಂಗಸು ಕುತ್ತಿಗೆ ಕೆರೆದುಕೊಳ್ಳತೊಡಗಿದರು, ಮೈಯೆಲ್ಲ ಕೆಂಪಾಯಿತು, ಆಮೇಲೆ ಉಸಿರು ಎಳೆಯತೊಡಗಿದರು. ಔಷಧಿಯ ಅಲರ್ಜಿ ಇದು, ಕೂಡಲೇ ಅಡ್ರಿನಲಿನ್ ಇಂಜೆಕ್ಷನ್ ಬೇಕು ಅಂತ ಗೊತ್ತಿತ್ತು. ಯಾವ ಕಪಾಟಿನಲ್ಲಿದೆ ಅಂತಲೂ ಗೊತ್ತಿತ್ತು. ಕಪಾಟಿನ ಕೀಲಿ ಯಾರ ಹತ್ತಿರ ಅಂತ ಗೊತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿದ್ದ ಡಾಕ್ಟರು ಓಡಿ ಬಂದಿದ್ದಕ್ಕೆ ಆಕೆ ಬದುಕಿದರು. ಆವತ್ತಿನಿಂದ ನನ್ನ ಲೆಕ್ಕ ಒಂದೇ: ಹೊಸಬರು ನಾಲ್ಕು ತಾಸಿನ ಕೆಲಸ ಬೇಕಾದರೆ ಮಾಡಲಿ, ಆದರೆ ಆ ನಾಲ್ಕು ತಾಸೂ ಪಕ್ಕದಲ್ಲಿ ಒಬ್ಬ ಸೀನಿಯರ್ ಇರಬೇಕು. ಸಂಬಳದ ಮಾತಿಗಿಂತ ಮೊದಲು ಅದನ್ನು ಕೇಳಿ.

ಮನೆಗೆ ಹೋಗಿ ಮಾಡುವ ಕೆಲಸ ಘಟ್ಟದ ಮೇಲೆ ಜಾಸ್ತಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಎಷ್ಟು ಕಡೆ ಇಬ್ಬರೇ ವಯಸ್ಸಾದವರು ಅಲ್ವಾ, ಮಕ್ಕಳೆಲ್ಲ ಬೆಂಗಳೂರು. ಅಂಥ ಒಂದು ಮನೆಗೆ ಹೋಗಿದ್ದೆ. ಅಜ್ಜನಿಗೆ ಸ್ಟ್ರೋಕ್ ಆಗಿ ಕ್ಯಾತಿಟರ್, ಅಂದರೆ ಮೂತ್ರ ಹೋಗುವ ನಳಿಕೆ, ಹಾಕಿತ್ತು. ಯೂರಿನ್ ಬ್ಯಾಗನ್ನು ಟವೆಲ್ ಹಾಸಿ, ಮಂಚದ ಮೇಲೆ ಕಾಲ ಬುಡದಲ್ಲಿ ನೀಟಾಗಿ ಇಟ್ಟಿದ್ದರು. ನೆಲಕ್ಕೆ ತಾಗಬಾರದು ಅಂತ ಅಜ್ಜಿಯ ಕಾಳಜಿ. ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ ಇರದಿದ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ನೆಲಕ್ಕೆ ತಾಗದ ಹಾಗೆ ಮಂಚದ ಪಟ್ಟಿಗೆ ಕಟ್ಟಿ ತೋರಿಸಿದೆ. ಅಜ್ಜಿ ಮುರುಗಲು ಪಾನಕ ಕೊಟ್ಟು, "ದಿನಾ ಬರ್ತೀಯಾ ತಂಗಿ?" ಅಂದರು.

ಇಂಥ ಕೆಲಸ ಬೇಕಾದರೆ ಊರಿನ ಮೆಡಿಕಲ್ ಶಾಪಿನಲ್ಲಿ ನಿಮ್ಮ ನಂಬರ್ ಕೊಟ್ಟಿಡಿ. ಡಯಾಪರ್, ಯೂರಿನ್ ಬ್ಯಾಗ್ ಒಯ್ಯಲು ಬರುವ ಮನೆಯವರಿಗೆ ಅವರೇ ಕೊಡುತ್ತಾರೆ. ಡ್ರೆಸ್ಸಿಂಗ್, ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ) ಊಟ, ಶುಗರ್ ನೋಡುವುದು, ಮಗ್ಗಲು ಬದಲಿಸುವುದು, ಇಷ್ಟನ್ನು ವಾರ್ಡಿನಲ್ಲಿ ಆರು ತಿಂಗಳು ಕೈ ಪಳಗಿಸಿಕೊಂಡು ಹೋಗಿ ಮಾಡಿ. ಮನೆಯಲ್ಲಿ ಒಬ್ಬರೇ ನಿಂತು ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಡಲು ಹೇಳಿದರೆ ಬೇಡ ಅನ್ನಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಒಂದು ಶಿಫ್ಟಿಗೆ ಎಷ್ಟು ಅನ್ನುವುದನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ 3 ಡೋಸೂ ಆಗಿದೆಯಾ ನೋಡಿಕೊಳ್ಳಿ. ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು ಅಂತ ಮೊದಲ ದಿನವೇ ಕೇಳಿ. ಎಚ್ಐವಿ ತಡೆಯುವ ಔಷಧಿ ಬೇಕಾದರೆ ಆದಷ್ಟು ಬೇಗ, ತಡ ಅಂದರೂ 72 ಗಂಟೆಯೊಳಗೆ ಶುರುವಾಗಬೇಕು. 'ನಾನು ಪಾರ್ಟ್ ಟೈಮ್, ಹೇಗೆ ಕೇಳಲಿ' ಅಂತ ಸುಮ್ನೆ ಇದ್ದುಬಿಡುವ ಹುಡುಗಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮತ್ತೆ ದಾರಿಯ ಲೆಕ್ಕ. ನಾಲ್ಕು ತಾಸಿನ ಕೆಲಸಕ್ಕೆ ಮೂರು ತಾಸು ಬಸ್ಸಿನಲ್ಲಿ ಕೂತರೆ ಅದೆಂಥ ಪಾರ್ಟ್ ಟೈಮ್? ಮಳೆಗಾಲವಂತೂ ಕೇಳಲೇಬೇಡಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನೆನಪಿದೆಯಲ್ಲ.

ಕುಮಟಾದ ಹುಡುಗಿ ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಮನೆಗೆ ಹತ್ತಿರದ ಆಸ್ಪತ್ರೆಯಲ್ಲೇ ವಾರಕ್ಕೆ ಮೂರು ಬೆಳಿಗ್ಗೆ ಸಿಕ್ಕಿದೆ, ಜೊತೆಗೆ ಒಬ್ಬರು ಹಳೆಯ ಸಿಸ್ಟರ್ ಇದ್ದಾರೆ. ಖುಷಿಯಲ್ಲಿದ್ದಳು. ಎಮರ್ಜೆನ್ಸಿ ಕಪಾಟಿನ ಕೀಲಿ ಎಲ್ಲಿರುತ್ತೆ ಅಂತ ಕೇಳಿದೆ.

"ಅಯ್ಯೋ, ನೋಡಿಲ್ಲ ಅಕ್ಕಾ."

ಶುಕ್ರವಾರ ನೋಡಿಕೊಂಡು ಬಂದು ಫೋನ್ ಮಾಡು ಅಂದಿದ್ದೇನೆ.