ಬಾಟಲಿ ಎಲ್ಲಿಡ್ತೀರ ಅಜ್ಜಿ?

ಸೋಮವಾರದ ಒಪಿಡಿ, ಅಂದ್ರೆ ಹೊರರೋಗಿಗಳನ್ನ ನೋಡೋ ವಿಭಾಗ, ನಮ್ಮಲ್ಲಿ ಸಂತೆ ಇದ್ದಂಗೆ. ಹನ್ನೆರಡು ಗಂಟೆಯೊಳಗೆ ಎಂಬತ್ತು ಚೀಟಿ ದಾಟಿರುತ್ತೆ, ಬಾಗಿಲಲ್ಲಿ ನಿಂತೋರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕ್ತಾ ಇರ್ತಾರೆ, ಒಳಗೆ ಕೂತ ಪೇಷಂಟ್ ಬಾಯಿ ಬಿಡೋ ಮುಂಚೆನೇ ನಮ್ಮ ಕೈ ಮಾತ್ರೆ ಬರೆಯೋಕೆ ಶುರು ಮಾಡಿರುತ್ತೆ. ಅಂಥದ್ದೇ ಒಂದು ಸೋಮವಾರ ನಾನು ಒಬ್ಬ ಅಜ್ಜಿ ಚೀಟಿ ಮೇಲೆ ಇಂಗ್ಲಿಷ್‌ನಲ್ಲಿ "ನಾನ್ ಕಂಪ್ಲಯಂಟ್" ಅಂತ ಬರೆದೆ. ಹೇಳಿದ ಮಾತು ಕೇಳದ ಪೇಷಂಟ್ ಅಂತ ಅದರ ಅರ್ಥ.

ಅಜ್ಜಿಗೆ ತುಂಬ ವರ್ಷದ ಶುಗರ್. ಮಾತ್ರೆಗೆ ಬಗ್ಗಲಿಲ್ಲ ಅಂತ ಇನ್ಸುಲಿನ್‌ಗೆ ಹಾಕಿದ್ದೆ, ಬೆಳಗ್ಗೆ 16 ಯುನಿಟ್, ರಾತ್ರಿ 8. ತಿಂಗಳು ಬಿಟ್ಟು ಬಂದಾಗ ಖಾಲಿ ಹೊಟ್ಟೆ ಶುಗರ್ 280.

"ಸೂಜಿ ತಗೋತಿದೀರಾ?"
"ಹ್ಞೂಂ ಸ್ವಾಮಿ."
"ಸಿಹಿ ತಿಂತೀರಾ?"
"ಎಲ್ಲಿ ಸ್ವಾಮಿ, ಕಾಫಿಗೂ ಸಕ್ಕರೆ ಹಾಕಲ್ಲ."

ಡೋಸ್ ಏರಿಸಿದೆ. ಮುಂದಿನ ತಿಂಗಳು 310. ಆವತ್ತೇ ಚೀಟಿ ಮೇಲೆ ಹಂಗೆ ಬರೆದಿದ್ದು. ಗದರಿದೆ ಕೂಡ, "ನಾಳೆ ಕಾಲು ತೆಗೀಬೇಕಾಗಿ ಬಂದ್ರೆ ನನ್ನನ್ನ ಕೇಳ್ಬೇಡಿ" ಅಂದಿದ್ದು ಇನ್ನೂ ನೆನಪಿದೆ. ಡೋಸ್ ಮತ್ತೆ ಏರಿ 26 ಮತ್ತು 14 ಆಯ್ತು. ಅಜ್ಜಿ ಎಲ್ಲದಕ್ಕೂ ತಲೆ ಆಡಿಸಿ, ಕಾಗದಗಳನ್ನ ಪ್ಲಾಸ್ಟಿಕ್ ಕವರ್‌ಗೆ ತುಂಬ್ಕೊಂಡು ಹೋದ್ರು.

ಎರಡು ವಾರ ಆಗಿರಬೇಕು, ಬೆಳಗಿನ ಜಾವ ಅದೇ ಅಜ್ಜಿ ಕ್ಯಾಶುಯಲ್ಟಿಗೆ ಬಂದ್ರು. ಸೀರೆ ಒದ್ದೆ ಆಗೋಷ್ಟು ಬೆವರು, ಕರೆದ್ರೆ ಓಗೊಡ್ತಿಲ್ಲ, ಶುಗರ್ ತೀರಾ ಇಳಿದು ಗ್ಲುಕೋಮೀಟರ್ 38 ತೋರಿಸ್ತು. 25% ಡೆಕ್ಸ್ಟ್ರೋಸ್, ಅಂದ್ರೆ ಸಕ್ಕರೆ ದ್ರಾವಣ ಕೊಟ್ಟು ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ಕಾಫಿ ಕೊಡ್ರೋ" ಅಂದ್ರು.

ಯಾಕೆ ಹಿಂಗಾಯ್ತು ಅಂತ ಕಂಡುಹಿಡಿದಿದ್ದು ನಾನಲ್ಲ, ನೈಟ್ ಡ್ಯೂಟಿ ಸಿಸ್ಟರ್. ಡ್ರಿಪ್ ಸರಿ ಮಾಡಿ, ಸ್ಟೂಲ್ ಎಳ್ಕೊಂಡು ಪಕ್ಕದಲ್ಲಿ ಕೂತು, ಮೊಮ್ಮಕ್ಕಳ ವಿಷಯ ಎಲ್ಲ ಮಾತಾಡ್ತಾ "ಊರಲ್ಲಿ ಬಾಟಲಿ ಎಲ್ಲಿಡ್ತೀರ ಅಜ್ಜಿ?" ಅಂತ ಕೇಳಿದ್ರಂತೆ. ಅಷ್ಟೇ. ಅಜ್ಜಿ ಮನೇಲಿ ಫ್ರಿಜ್ ಇಲ್ಲ. ಇನ್ಸುಲಿನ್ ಬಾಟಲಿನ ಪಕ್ಕದ ಮನೆ ಫ್ರಿಜ್‌ನಲ್ಲಿ ಇಟ್ಟಿದ್ರು, ಆ ಮನೆಯೋರು ಬೆಳಗ್ಗೆ ಬೀಗ ಹಾಕ್ಕೊಂಡು ತೋಟಕ್ಕೆ ಹೋಗ್ತಾರೆ, ರಾತ್ರಿ ಊಟದ ಹೊತ್ತಿಗೆ ಬಾಗಿಲು ತಟ್ಟೋಕೆ ಇವರಿಗೆ ನಾಚಿಕೆ, ಅದರ ಮೇಲೆ ಆ ಮನೆ ಸೊಸೆ ಒಂದ್ಸಲ "ಹಾಲೆಲ್ಲ ಆಸ್ಪತ್ರೆ ವಾಸನೆ ಹೊಡೀತದೆ" ಅಂದಿದ್ಳಂತೆ. ಹಿಂಗಾಗಿ ಸೂಜಿ ಮೂರು ದಿನಕ್ಕೊಂದ್ಸಲ ಆದ್ರೆ ಆಯ್ತು. ಹದಿನೈದು ದಿನಕ್ಕೆ ಅಂತ ಮಗಳ ಮನೆಗೆ ಬಂದ್ರು, ಅಲ್ಲಿ ಫ್ರಿಜ್ ಇದೆ, ಮಗಳು ಚೀಟಿ ನೋಡಿ ನಾನು ಬರೆದ ಡೋಸನ್ನ ಎರಡು ಹೊತ್ತೂ ತಪ್ಪದೆ ಚುಚ್ಚಿದ್ಳು. ಅಜ್ಜಿ ಮೈಗೆ ಬೇಕಾಗಿದ್ದು ಅಷ್ಟಲ್ಲ, ಆ ಡೋಸ್ ನನ್ನ ಸಿಟ್ಟಿನ ಲೆಕ್ಕದಲ್ಲಿ ಏರಿದ್ದು.

ಇನ್ನೊಂದು ಹೇಳ್ಬೇಕು. "ಫ್ರಿಜ್‌ನಲ್ಲೇ ಇಡ್ಬೇಕು" ಅಂತ ಮೊದಲ ದಿನ ಹೇಳಿದ್ದೂ ನಾನೇ. ತೆರೆದ ಬಾಟಲಿ ತಂಪಾದ ಜಾಗದಲ್ಲಿ ನಾಲ್ಕು ವಾರ ಇರುತ್ತೆ, ಬೇಸಿಗೆಗೆ ಮಣ್ಣಿನ ಮಡಕೆ ಸಾಕು. ಮನೇಲಿ ಫ್ರಿಜ್ ಇದೆಯಾ ಅಂತ ಕೇಳಿದ್ರೆ ತಾನೇ ಇದನ್ನ ಹೇಳೋದು?

ಎಂಪತಿ, ಅಂದ್ರೆ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡೋದು, ಅಂದ ತಕ್ಷಣ ನಮ್ಮಲ್ಲಿ ಎಲ್ರೂ ಅದನ್ನ ಅನುಕಂಪ ಮಾಡಿಬಿಡ್ತಾರೆ. ಅನುಕಂಪ ಅಂದ್ರೆ ನೆನಪಾಗೋದು ಅಪ್ಪ ತೀರ್ಕೊಂಡ್ಮೇಲೆ ಮಗನಿಗೆ ಸಿಗೋ ಸರ್ಕಾರಿ ಕೆಲಸ. "ಅಯ್ಯೋ ಪಾಪ" ಅನ್ನೋದು ನಮ್ಮ ವಾರ್ಡ್‌ಗಳಲ್ಲಿ ಬೇಕಾದಷ್ಟಿದೆ, ಗದರಿದ ದಿನ ನನಗೂ ಅಜ್ಜಿ ಮೇಲೆ ಪಾಪ ಅಂತಾನೇ ಅನ್ಸಿತ್ತು, ಅದರಿಂದ ಶುಗರ್ ಇಳೀಲಿಲ್ಲ. ನಾನು ಹೇಳ್ತಿರೋದು ಇನ್ನೂ ಒಣಗಿದ ವಿಷಯ, ಈ ಮನುಷ್ಯ ಮನೆಗೆ ಹೋದ್ಮೇಲೆ ನನ್ನ ಚೀಟಿಗೆ ಏನಾಗುತ್ತೆ ಅಂತ ಕಣ್ಮುಂದೆ ತಂದ್ಕೊಳ್ಳೋದು. ಅದು ಹಿಸ್ಟರಿ ತಗೊಳ್ಳೋದರಲ್ಲೇ, ಅಂದ್ರೆ ಪೇಷಂಟ್‌ನ ಕೇಳಿ ವಿಷಯ ತಿಳ್ಕೊಳ್ಳೋದರಲ್ಲೇ ಸೇರಿದ್ದು, ಸ್ಟೆತಸ್ಕೋಪ್ ಇಡೋಷ್ಟೇ ಮಾಮೂಲಿ ಕೆಲಸ. 2011ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ 29 ಡಾಕ್ಟರ್‌ಗಳು ಮತ್ತು ಅವರ 891 ಶುಗರ್ ಪೇಷಂಟ್‌ಗಳ ಅಧ್ಯಯನ ಪ್ರಕಟ ಆಯ್ತು. ಎಂಪತಿ ಅಂಕ ಜಾಸ್ತಿ ಇದ್ದ ಡಾಕ್ಟರ್‌ಗಳ ಪೇಷಂಟ್‌ಗಳಲ್ಲಿ 56% ಜನಕ್ಕೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸೋ ರಕ್ತ ಪರೀಕ್ಷೆ) ಹತೋಟಿಯಲ್ಲಿತ್ತು, ಕಡಿಮೆ ಅಂಕದವರ ಹತ್ರ 40%. ಅಲ್ಲಿನ ಲೆಕ್ಕ ಇಲ್ಲಿಗೆ ಹಂಗೇ ಕೂರಲ್ಲ, ಆದ್ರೂ ಓದಿದಾಗ ಅಜ್ಜಿ ಮುಖಾನೇ ಬಂತು.

ಟೈಮ್ ಎಲ್ಲಿದೆ ಸರ್ ಅಂತ ಜೂನಿಯರ್‌ಗಳು ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 335 ಪೇಷಂಟ್‌ಗಳನ್ನ ಮಧ್ಯೆ ಬಾಯಿ ಹಾಕದೆ ಮಾತಾಡೋಕೆ ಬಿಟ್ಟು ಗಡಿಯಾರ ಹಿಡಿದು ನೋಡಿದ್ರು, 2002ರಲ್ಲಿ ಬಂದ ವರದಿ, ಸರಾಸರಿ 92 ಸೆಕೆಂಡ್‌ಗೆ ಅವರೇ ಮುಗಿಸಿದ್ರು. ನಮ್ಮ ಒಪಿಡಿಯಲ್ಲಿ 92 ಸೆಕೆಂಡೂ ದುಬಾರಿನೇ, ಒಪ್ತೀನಿ. ಅದಕ್ಕೆ ನಾನು ಮಾಡ್ಕೊಂಡಿರೋದು ಪ್ರಶ್ನೆಯನ್ನ ಸ್ವಲ್ಪ ತಿರುಗಿಸೋದು. "ಮಾತ್ರೆ ತಗೋತೀರಾ?" ಅಂದ್ರೆ ಹ್ಞೂಂ ಬಿಟ್ಟು ಬೇರೆ ಉತ್ತರನೇ ಇಲ್ಲ. "ಒಂದೆರಡು ದಿನ ಎಲ್ರಿಗೂ ತಪ್ಪುತ್ತೆ, ನಿಮಗೆ ಹೋದ ವಾರ ಎಷ್ಟು ದಿನ ತಪ್ತು?" ಅಂದ್ರೆ ಜನ ಬೆರಳು ಮಡಚಿ ಎಣಿಸ್ತಾರೆ. ಹಾರ್ಟ್ ತೊಂದರೆ ಇದ್ದ ಒಬ್ಬ ಬಸ್ ಕಂಡಕ್ಟರ್ ಹಂಗೇ ಎಣಿಸಿ ಐದು ಅಂದ್ರು, ಡ್ಯೂಟಿ ಇದ್ದ ಐದೂ ದಿನ. ಬೆಳಗ್ಗೆ ನೀರಿನ ಮಾತ್ರೆ (ಮೈಯಲ್ಲಿ ತುಂಬಿದ ನೀರನ್ನ ಉಚ್ಚೆಯಲ್ಲಿ ಇಳಿಸೋದು) ನುಂಗಿ ಬಸ್ ಹತ್ತಿದ್ರೆ ಅರ್ಧ ಗಂಟೆಗೊಂದ್ಸಲ ಉಚ್ಚೆ, ಬಸ್ ಎಲ್ಲಿ ನಿಲ್ಸೋದು? ಮಾತ್ರೆಯನ್ನ ಡ್ಯೂಟಿ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ಹಾಕಿದ್ವಿ, ಕಾಲಿನ ಬಾವು ಇಳೀತು.

2019ರ ಬ್ಯಾಚಿಂದ ಎಂಬಿಬಿಎಸ್‌ನಲ್ಲಿ ಏಟ್‌ಕಾಮ್ ಅಂತ ಪಾಠನೇ ಇದೆ, ನಡವಳಿಕೆ, ನೀತಿ, ಸಂವಹನ ಎಲ್ಲ ಸೇರಿಸಿ. ಒಳ್ಳೇದೇ. ಆದ್ರೆ "ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ" ಅಂತ ವೈವಾಗೆ, ಅಂದ್ರೆ ಮೌಖಿಕ ಪರೀಕ್ಷೆಗೆ, ಬಾಯಿಪಾಠ ಮಾಡಿದ ಹುಡುಗನಿಗಿಂತ, ಏನೂ ಸಮಾಧಾನ ಹೇಳದೆ ಬಾಟಲಿ ಎಲ್ಲಿಡ್ತೀರ ಅಂತ ಕೇಳಿದ ಸಿಸ್ಟರೇ ನನಗೆ ದೊಡ್ಡೋರು. ಆ ಸಿಸ್ಟರ್‌ಗೂ ಆ ರಾತ್ರಿ ವಾರ್ಡ್ ಖಾಲಿ ಇತ್ತು, ಅದನ್ನೂ ಹೇಳ್ಬೇಕು. ನಲವತ್ತು ಬೆಡ್‌ಗೆ ಒಬ್ರೇ ಓಡಾಡ್ತಿದ್ದ ದಿನ ಅವರೂ ಗದರೋದನ್ನ ನಾನು ನೋಡಿದೀನಿ. ಸ್ಟೂಲ್ ಎಳ್ಕೊಂಡು ಕೂರಬೇಕು ಅಂದ್ರೆ ಕೂರೋಕೆ ಬಿಡುವು ಇರ್ಬೇಕಲ್ಲ, ಅದು ಯಾವ ಟ್ರೈನಿಂಗ್‌ನಿಂದಲೂ ಬರಲ್ಲ.

ಅಜ್ಜಿ ಈಗ್ಲೂ ಬರ್ತಾರೆ. ನೀರಿನ ಮಡಕೆ ಒಳಗೆ ಸ್ಟೀಲ್ ಡಬ್ಬಿ, ಅದರೊಳಗೆ ಬಾಟಲಿ, ಡೋಸ್ ವಾಪಸ್ 16 ಮತ್ತು 8ಕ್ಕೆ ಬಂದಿದೆ. ಬಂದಾಗೆಲ್ಲ ಪ್ಲಾಸ್ಟಿಕ್ ಕವರ್ ಬಿಚ್ಚಿ ಇದ್ದಬದ್ದ ಕಾಗದನೆಲ್ಲ ಮೇಜಿನ ಮೇಲೆ ಹರಡ್ತಾರೆ, ಅದರಲ್ಲಿ ನಾನು "ನಾನ್ ಕಂಪ್ಲಯಂಟ್" ಅಂತ ಬರೆದ ಚೀಟಿನೂ ಇದೆ, ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ.