ಲೋಡ್ ಶಿಫ್ಟ್: ವಿಮಾನದ ಹೊಟ್ಟೆಯಲ್ಲಿ ಸರಕು ಜಾರಿದಾಗ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೂ ಲೋಡ್ ಶಿಫ್ಟ್ ಅಂದರೇನು ಅಂತ ಸುಂಟಿಕೊಪ್ಪದ ಯಾವುದಾದರೂ ಲಾರಿ ಡ್ರೈವರನ್ನು ಕೇಳಿ, ಅರ್ಧ ವಿವರಣೆ ಅಲ್ಲೇ ಸಿಗುತ್ತದೆ. ಸಿಲ್ವರ್ ಓಕ್ ದಿಮ್ಮಿ ಹೇರಿದ ಲಾರಿ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ. ಕಟ್ಟು ಸಡಿಲ ಇದ್ದರೆ ದಿಮ್ಮಿ ಜಾರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಸರಕು ವಿಮಾನದಲ್ಲೂ ಹಾಗೆಯೇ. ಕಟ್ಟಿಟ್ಟ ಸಾಮಾನು ಹಾರಾಟದಲ್ಲಿ ಜಾಗ ಬಿಟ್ಟು ಸರಿದರೆ ಅದು ಲೋಡ್ ಶಿಫ್ಟ್. ಉಳಿದ ಅರ್ಧ ವಿವರಣೆ ಮಾತ್ರ ಲಾರಿಯಿಂದ ಸಿಗಲ್ಲ. ಲಾರಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬಹುದು. ನೆಲ ಬಿಟ್ಟ ವಿಮಾನಕ್ಕೆ ಏನು ಕೊಡುತ್ತೀರಿ?

ವಿಮಾನದ ಇಡೀ ಭಾರ ಒಂದೇ ಬಿಂದುವಿನಲ್ಲಿ ಕೂತಿದೆ ಅಂತ ಲೆಕ್ಕ ಹಾಕುತ್ತಾರೆ. ಅದು ಗುರುತ್ವ ಕೇಂದ್ರ. ವಿಮಾನದವರ ಬಾಯಲ್ಲಿ ಸುಮ್ನೆ ಸಿ.ಜಿ. ಅದು ರೆಕ್ಕೆಯ ಹತ್ತಿರ ಒಂದು ಸಣ್ಣ ಗಡಿಯೊಳಗೆ ಇರಬೇಕು. ಮುಂದೆ ಹೋದರೆ ಮೂಗು ಎತ್ತುವುದೇ ಕಷ್ಟ. ಹಿಂದೆ ಹೋದರೆ ಮೂಗು ತಾನಾಗಿ ಏಳುತ್ತದೆ. ತೀರಾ ಹಿಂದೆ ಹೋದರೆ ಪೈಲಟ್ ಕಂಟ್ರೋಲನ್ನು ಪೂರ್ತಿ ಮುಂದಕ್ಕೆ ಒತ್ತಿದರೂ ಇಳಿಯದು. ಮೂಗು ಮಿತಿ ಮೀರಿ ಎದ್ದಾಗ ರೆಕ್ಕೆಯ ಮೇಲೆ ಹರಿಯುವ ಗಾಳಿ ಬೇರ್ಪಟ್ಟು, ವಿಮಾನವನ್ನು ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಕಾರು ಸ್ಟಾಲ್ ಆಯ್ತು ಅಂತೀವಲ್ಲ, ಆ ಸ್ಟಾಲ್ ಅಲ್ಲ. ಎಂಜಿನ್ ಪೂರ್ತಿ ಜೋರಾಗಿ ಓಡುತ್ತಿದ್ದರೂ ಇದು ಆಗುತ್ತದೆ.

ಟೇಕಾಫ್ ಸಮಯದಲ್ಲೇ ಇದು ಜಾಸ್ತಿ ಅಪಾಯ. ರನ್‌ವೇ ಮೇಲೆ ವೇಗ ಏರುವಾಗ ಸರಕು ಹಿಂದಕ್ಕೆ ಒತ್ತುತ್ತದೆ. ಮೂಗು ಎತ್ತಿದ ಕೂಡಲೇ ಒಳಗಿನ ನೆಲವೂ ಇಳಿಜಾರಾಗುತ್ತದೆ. ಆಗ ಏನಾದರೂ ಕಿತ್ತುಕೊಂಡರೆ, ಸುಧಾರಿಸಿಕೊಳ್ಳಲು ಬೇಕಾದ ಎತ್ತರ ಕೆಳಗೆ ಇರುವುದೇ ಇಲ್ಲ.

ಇದನ್ನು ತಡೆಯಲು ಮಾಡಿರುವ ಏರ್ಪಾಡು ನೋಡುವಂಥದ್ದು. ಸರಕು ವಿಮಾನದ ನೆಲದ ತುಂಬ ರೋಲರುಗಳು. ಸಾಮಾನು ಹೇರುವ ಚಪ್ಪಟೆ ಹಲಗೆಗೆ ಪ್ಯಾಲೆಟ್ ಅನ್ನುತ್ತಾರೆ. ಟನ್‌ಗಟ್ಟಲೆ ಭಾರದ ಪ್ಯಾಲೆಟ್ಟನ್ನೂ ರೋಲರುಗಳ ಮೇಲೆ ಉರುಳಿಸಿಕೊಂಡು ಹೋಗಬಹುದು. ಜಾಗಕ್ಕೆ ಬಂದ ಮೇಲೆ ನೆಲದ ಲಾಕುಗಳು ಅದನ್ನು ಹಿಡಿಯುತ್ತವೆ. ಸಾಮಾನಿನ ಮೇಲೆ ಬಲೆ. ತೊಂದರೆ ಬರುವುದು ಪ್ಯಾಲೆಟ್ ಅಳತೆಗೆ ಕೂರದ ಸಾಮಾನಿನಲ್ಲಿ: ದೊಡ್ಡ ಯಂತ್ರ, ಮಿಲಿಟರಿ ಗಾಡಿ. ಅವನ್ನು ಪಟ್ಟಿ ಹಾಕಿ ನೆಲಕ್ಕೇ ಬಿಗಿಯಬೇಕು. ಇದಕ್ಕೆ ಲ್ಯಾಶಿಂಗ್ ಅನ್ನುತ್ತಾರೆ. ಸೇನೆಯಲ್ಲಿದ್ದು ಬಂದವರು ಕೊಡಗಿನ ಯಾವ ಊರಲ್ಲೂ ಸಿಗುತ್ತಾರೆ, ಅವರಲ್ಲಿ ಕೆಲವರಿಗಾದರೂ ಈ ಮಾತು ಗೊತ್ತಿರುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪಟ್ಟಿ ಎಷ್ಟು ಗಟ್ಟಿ ಅನ್ನುವುದಷ್ಟೇ ಮುಖ್ಯವಲ್ಲ, ಯಾವ ಕೋನದಲ್ಲಿ ಎಳೆದಿದ್ದೀರಿ ಅನ್ನುವುದೂ ಮುಖ್ಯ. ನೆಟ್ಟಗೆ ಕೆಳಕ್ಕೆ ಬಿಗಿದ ಪಟ್ಟಿ ಸಾಮಾನು ಮೇಲೇಳದಂತೆ ಹಿಡಿಯುತ್ತದೆ, ಹಿಂದಕ್ಕೆ ಜಾರದಂತೆ ಹೆಚ್ಚೇನೂ ಹಿಡಿಯುವುದಿಲ್ಲ.

2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಾಗ್ರಾಮ್‌ನಲ್ಲಿ ತಪ್ಪಿದ್ದು ಇದೇ ಲೆಕ್ಕ. ನ್ಯಾಷನಲ್ ಏರ್‌ಲೈನ್ಸ್‌ನ ಬೋಯಿಂಗ್ 747-400 ಸರಕು ವಿಮಾನ ಐದು ಮಿಲಿಟರಿ ಗಾಡಿ ಹೊತ್ತು ದುಬೈಗೆ ಹೊರಟಿತ್ತು. ಗಾಡಿಗಳಲ್ಲಿ ಮೂರು ತಲಾ ಸುಮಾರು 18 ಟನ್, ಎರಡು ತಲಾ 12 ಟನ್. ಟೇಕಾಫ್ ಆಗುತ್ತಿದ್ದಂತೆ ಕಡಿದಾಗಿ ಮೂಗು ಎತ್ತಿ, ಗಾಳಿಯಲ್ಲಿ ನಿಂತಂತಾಗಿ, ಕೆಳಗೆ ಬಿತ್ತು. ಏಳು ಸಿಬ್ಬಂದಿಯೂ ಸತ್ತರು. ಸಿ.ಜಿ. ಹಿಂದೆ ಹೋಗಿ ಬಿತ್ತು ಅಂತಲೇ ಜನ ಹೇಳುತ್ತಾರೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಹೇಳಿದ್ದು ಇನ್ನೂ ಕೆಟ್ಟ ಕತೆ. ಕಡೇಪಕ್ಷ ಒಂದು ಗಾಡಿ ಹಿಂದಕ್ಕೆ ನುಗ್ಗಿ, ದ್ರವದ ಒತ್ತಡದಿಂದ ಕಂಟ್ರೋಲುಗಳನ್ನು ನಡೆಸುವ ನಾಲ್ಕು ಹೈಡ್ರಾಲಿಕ್ ವ್ಯವಸ್ಥೆಗಳಲ್ಲಿ ಎರಡನ್ನು ಕೆಡಿಸಿತು. ಬಾಲದ ಅಡ್ಡ ರೆಕ್ಕೆಯ ಕೋನ ಬದಲಿಸುವ ಯಂತ್ರವನ್ನೂ ಮುರಿಯಿತು. ಆಮೇಲೆ ಪೈಲಟ್‌ಗಳ ಕೈಯಲ್ಲಿ ಏನೂ ಉಳಿಯಲಿಲ್ಲ. ಇಂಥ ಭಾರವನ್ನು ಹೇಗೆ ಕಟ್ಟಬೇಕು ಅನ್ನುವ ಮಾಹಿತಿ ಕಂಪನಿಯ ಕೈಪಿಡಿಯಲ್ಲೇ ಸರಿ ಇರಲಿಲ್ಲ. ಹಿಂದಿನ ಹಾರಾಟದಲ್ಲಿ ಒಂದು ಪಟ್ಟಿ ಹರಿದಿದ್ದರ ಬಗ್ಗೆ ಸಿಬ್ಬಂದಿ ಮಾತಾಡಿಕೊಂಡದ್ದು ಕಾಕ್‌ಪಿಟ್ ರೆಕಾರ್ಡಿಂಗಿನಲ್ಲಿದೆ. ಓದುವಾಗ ಹೊಟ್ಟೆ ಉರಿಯುತ್ತದೆ. ಸರಕು ಕಟ್ಟಿಸುವ ಲೋಡ್‌ಮಾಸ್ಟರ್‌ಗೆ ಆಗ ಅಮೆರಿಕದಲ್ಲಿ ಸರ್ಕಾರಿ ಪ್ರಮಾಣಪತ್ರವೇ ಬೇಕಿರಲಿಲ್ಲ. ಅದು ಬೇಕು ಅಂತ ಮಂಡಳಿ ಶಿಫಾರಸು ಮಾಡಿತು.

ಬಾಗ್ರಾಮ್‌ನಲ್ಲಿ ವಿಮಾನ ಬೀಳುವ ವಿಡಿಯೊ ಎಲ್ಲ ಕಡೆ ಹರಿದಾಡಿದ ಮೇಲೆ, ಯಾವ ಸರಕು ವಿಮಾನ ಬಿದ್ದರೂ ಲೋಡ್ ಶಿಫ್ಟ್ ಅನ್ನುವವರು ಸಿಗುತ್ತಾರೆ. ಹಾಗೆ ಹೇಳಲಾಗದು. 1997ರ ಆಗಸ್ಟ್ 7ರಂದು ಮಯಾಮಿಯಲ್ಲಿ ಫೈನ್ ಏರ್ ಕಂಪನಿಯ ಡಿಸಿ-8 ಸರಕು ವಿಮಾನ ಡೆನಿಮ್ ಬಟ್ಟೆ ಹೊತ್ತು ಎದ್ದು, ಹೀಗೇ ಮೂಗೆತ್ತಿ ಬಿತ್ತು. ಅಲ್ಲಿ ಲೋಡ್ ಮಾಡುವಾಗಲೇ ತಪ್ಪಾಗಿತ್ತು. ಸಿ.ಜಿ. ಲೆಕ್ಕಕ್ಕಿಂತ ಹಿಂದಿತ್ತು, ಪೈಲಟ್‌ಗಳು ಬಾಲದ ಅಡ್ಡ ರೆಕ್ಕೆಯ ಕೋನ ಹೊಂದಿಸಿದ್ದು ಕಾಗದದ ಮೇಲಿನ ಲೆಕ್ಕಕ್ಕೆ. ಇದು ತಪ್ಪು ಲೋಡಿಂಗ್, ಶಿಫ್ಟ್ ಅಲ್ಲ. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಬಿದ್ದ, ಪಾರ್ಸೆಲ್ ಕಂಪನಿ ಯುಪಿಎಸ್‌ನ ಎಂಡಿ-11 ಸರಕು ವಿಮಾನದ ಕತೆಯೇ ಬೇರೆ. ಟೇಕಾಫ್ ಹೊತ್ತಿನಲ್ಲಿ ಅದರ ಎಡಗಡೆ ಎಂಜಿನ್, ರೆಕ್ಕೆಗೆ ಹಿಡಿದಿಡುವ ಪೈಲಾನ್ ಸಮೇತ ಕಳಚಿಹೋಯಿತು. ಅದರ ಜೋಡಣೆಯ ಲೋಹದಲ್ಲಿ ಬಳಲಿಕೆಯ ಬಿರುಕು, ಅಂದರೆ ಮತ್ತೆ ಮತ್ತೆ ಬೀಳುವ ಒತ್ತಡಕ್ಕೆ ಲೋಹ ಸೋತು ಬಿಡುವ ಬಿರುಕು, ಕಂಡದ್ದನ್ನು ಪ್ರಾಥಮಿಕ ವರದಿ ಹೇಳಿದೆ.